ಯುದ್ಧಕಾಲದ ಬಿಬಿಸಿ: ಹಾಡು-ಹಾಸ್ಯಕ್ಕೆ ಅಷ್ಟು ಹೊತ್ತು ಕೊಟ್ಟದ್ದು ಸರಿಯೇ?

ಪರ

ಎರಡನೇ ಮಹಾಯುದ್ಧ ಶುರುವಾದ 1939ರ ಸೆಪ್ಟೆಂಬರ್ 1ರಂದು ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿ ತನ್ನ ರಾಷ್ಟ್ರೀಯ, ಪ್ರಾದೇಶಿಕ ಪ್ರಸಾರಗಳನ್ನು ಮುಚ್ಚಿ ‘ಹೋಮ್ ಸರ್ವಿಸ್’ ಎಂಬ ಒಂದೇ ಸೇವೆ ಶುರು ಮಾಡಿತು. ಮೊದಲ ವಾರಗಳಲ್ಲಿ ಸಿಕ್ಕಿದ್ದು ವಾರ್ತೆ, ಸರ್ಕಾರಿ ಸೂಚನೆ, ಗ್ರಾಮಫೋನ್ ತಟ್ಟೆ, ಸ್ಯಾಂಡಿ ಮ್ಯಾಕ್‌ಫರ್ಸನ್ ಅವರ ಆರ್ಗನ್, ಮರುದಿನವೂ ಅದೇ. ಬೇಸತ್ತ ಜನ ಗುಂಡಿ ತಿರುಗಿಸಿ ಹ್ಯಾಂಬರ್ಗಿನ ಜರ್ಮನ್ ಪ್ರಚಾರಕ್ಕೆ ಕಿವಿಗೊಟ್ಟರು. ಶತ್ರುವಿನ ರೇಡಿಯೊ ಕೇಳಬಾರದೆಂಬ ಕಾನೂನು ಬ್ರಿಟನ್ನಿನಲ್ಲಿ ಇರಲಿಲ್ಲ. ಕೇಳುಗರನ್ನು ಹಿಡಿದಿಡಬೇಕಾದದ್ದು ಕಾರ್ಯಕ್ರಮವೇ.

1940ರ ಫೆಬ್ರವರಿಯಲ್ಲಿ 342 ಮೀಟರ್ ತರಂಗಾಂತರದಲ್ಲಿ ಸೈನಿಕರಿಗೆಂದೇ ‘ಫೋರ್ಸಸ್ ಪ್ರೋಗ್ರಾಂ’ ಎಂಬ ಎರಡನೇ ಸೇವೆ ಪೂರ್ಣ ಪ್ರಮಾಣದಲ್ಲಿ ಬಂತು, ಶುರುವಿಗೆ ಬೆಳಿಗ್ಗೆ 11ರಿಂದ ರಾತ್ರಿ 11ರವರೆಗೆ. ಸೈನಿಕರು ಕೇಳುತ್ತಿದ್ದದ್ದು ಹತ್ತಾರು ಜನ ಮಾತಾಡುತ್ತ, ಇಸ್ಪೀಟು ಆಡುತ್ತ ಕೂತ ಹಾಲ್‌ನಲ್ಲಿ. ಅಲ್ಲಿ ಅರ್ಧ ಗಂಟೆಯ ಭಾಷಣ ಯಾರ ಕಿವಿಗೂ ಬೀಳದು. ನಡುವೆ ಬಿಟ್ಟು ಮತ್ತೆ ಸೇರಿಕೊಳ್ಳಬಹುದಾದ ಹಾಡು-ಹಾಸ್ಯವೇ ಬೇಕು.

ಕಾರ್ಖಾನೆಗಳಿಗೆ ಸಂಗೀತ ಕೆಲಸದ ಸಲಕರಣೆಯೇ ಆಗಿತ್ತು. 1940ರ ಜೂನ್ 23ರಂದು ಶುರುವಾದ ‘ಮ್ಯೂಸಿಕ್ ವೈಲ್ ಯು ವರ್ಕ್’ ಬೆಳಿಗ್ಗೆ 10:30ಕ್ಕೆ, ಮಧ್ಯಾಹ್ನ 3ಕ್ಕೆ ಬರುತ್ತಿತ್ತು: ಪಾಳಿಯಲ್ಲಿ ಕೈ ಸೋತು ಗಮನ ಜಾರುವ ಹೊತ್ತು. 1942ರಲ್ಲಿ ರಾತ್ರಿ ಪಾಳಿಗೂ ಬಂತು. ಅರ್ಧ ಗಂಟೆ ಎಡೆಬಿಡದ ವಾದ್ಯಸಂಗೀತ. ಯಂತ್ರದ ಗದ್ದಲದಲ್ಲಿ ಮೆಲುದನಿ ಮುಳುಗಿಹೋಗುತ್ತದೆ, ಆದ್ದರಿಂದ ದನಿಯ ಏರಿಳಿತ ಬೇಡ. ಮಾತು ಕಲಸಿಹೋಗುತ್ತದೆ, ಆದ್ದರಿಂದ ಹಾಡುಗಾರಿಕೆ ಕಡಿಮೆ. ಲಯ ಎಳೆದಾಡಬಾರದು, ಮಟ್ಟು ಪರಿಚಿತವಾಗಿರಬೇಕು. ನಡುನಡುವೆ ಚಪ್ಪಾಳೆ ಬೇಡುವ ಒಂದು ಹಾಡನ್ನು ಪಟ್ಟಿಯಿಂದಲೇ ತೆಗೆದರು. ಕೆಲಸಗಾರರು ಕೈಯಲ್ಲಿದ್ದ ಉಪಕರಣದಿಂದ ಮೇಜು ಕುಟ್ಟುತ್ತಿದ್ದರು, ಕೆಲಸವೂ ಮೇಜೂ ಎರಡೂ ಕೆಡುತ್ತಿದ್ದವು. ಇಷ್ಟು ಅಳೆದು ಸುರಿದದ್ದನ್ನು ಕಾಲಹರಣ ಎನ್ನುವುದು ಅನ್ಯಾಯ.

1941ರ ನವೆಂಬರಿನಿಂದ ಗಾಯಕಿ ವೆರಾ ಲಿನ್ ಭಾನುವಾರ ರಾತ್ರಿ 9ರ ವಾರ್ತೆಯಾದ ಮೇಲೆ ಹಾಡುತ್ತಿದ್ದರು. ದೂರದ ರಣರಂಗದಲ್ಲಿದ್ದವನಿಗೆ ಊರಿನಲ್ಲಿ ಮಗು ಹುಟ್ಟಿದ ಸುದ್ದಿಯನ್ನೂ ಹೇಳುತ್ತಿದ್ದರು. ಯಾವ ವಾರ್ತೆ ಇದಕ್ಕೆ ಸಮ?

ವಿರೋಧ

ಮೃದು ಹಾಡು ಸೈನಿಕನನ್ನು ಮೆತ್ತಗಾಗಿಸುತ್ತದೆ ಎಂಬ ಆಗಿನ ದೊಡ್ಡವರ ಆಕ್ಷೇಪ ನನ್ನದಲ್ಲ, ಅದರಲ್ಲಿ ಹುರುಳಿಲ್ಲ. ಕಾರ್ಖಾನೆಯ ಅರ್ಧ ಗಂಟೆಯನ್ನೂ ಒಪ್ಪುತ್ತೇನೆ. ನನ್ನ ತಕರಾರು ತರಂಗದ ಲೆಕ್ಕದ್ದು, ಬ್ಯಾಟರಿಯ ಲೆಕ್ಕದ್ದು.

ಶತ್ರುವಿಮಾನ ಪ್ರಸಾರಕೇಂದ್ರದ ಅಲೆ ಹಿಡಿದು ದಾರಿ ಕಂಡುಕೊಳ್ಳಬಾರದೆಂದು, ದೂರದೂರದ ಹಲವು ಕೇಂದ್ರಗಳು ಒಂದೇ ಕಂಪನಾಂಕದಲ್ಲಿ ಒಂದೇ ಕಾರ್ಯಕ್ರಮ ಬಿತ್ತರಿಸಬೇಕಿತ್ತು. ವಿಮಾನ ಹತ್ತಿರ ಬಂದರೆ ವಾಯುಪಡೆಯ ಫೈಟರ್ ಕಮಾಂಡ್ ಹೇಳಿದ ಕೂಡಲೇ ಆ ಕೇಂದ್ರ ಬಂದ್. ಕೇಳುಗನಿಗೆ ಆಗ ಸಿಗುವುದು ದೂರದ ಕೇಂದ್ರದ ಕ್ಷೀಣ ದನಿ. ಕತ್ತಲಾದ ಮೇಲೆ ಆಕಾಶದಿಂದ ಪ್ರತಿಫಲಿಸಿ ಬಂದ ಅಲೆಗಳು ಒಂದಕ್ಕೊಂದು ತಾಕಿ ಮಾತು ನುಚ್ಚಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ 203.5 ಮೀಟರಿನಲ್ಲಿ ಸುಮಾರು 60 ಊರುಗಳಲ್ಲಿ ಕಿರುಕೇಂದ್ರಗಳನ್ನು ಹಾಕಬೇಕಾಯಿತು. ಇಂಥ ಇಕ್ಕಟ್ಟಿನಲ್ಲಿ ಹೆಚ್ಚುವರಿ ತರಂಗ ಸಿಕ್ಕಾಗ ಅದು ಹೋದದ್ದು ಫೋರ್ಸಸ್ ಪ್ರೋಗ್ರಾಂನ ಹಗುರ ಮನರಂಜನೆಗೆ. ವೇಲ್ಸ್ ನಾಡಿನ ವೆಲ್ಷ್ ಭಾಷೆಗೆ ಹೋಮ್ ಸರ್ವಿಸಿನ ಮೂಲೆಯಲ್ಲಿ ಅತ್ಯಲ್ಪ ಹೊತ್ತು ಉಳಿಯಿತು. ಇಂಗ್ಲಿಷ್ ಸರಿಯಾಗಿ ಬಾರದ ಅಜ್ಜಿಗೆ ಸರ್ಕಾರಿ ಸೂಚನೆ ಯಾವ ಭಾಷೆಯಲ್ಲಿ ಹೇಳಬೇಕಿತ್ತು?

ಇನ್ನು ಬ್ಯಾಟರಿ. ಹಳ್ಳಿಗಳ ಬಹಳಷ್ಟು ಮನೆಗಳಿಗೆ ವಿದ್ಯುತ್ ಇರಲಿಲ್ಲ. ಅಲ್ಲಿನ ವಾಲ್ವ್ (ಗಾಜಿನ ಕೊಳವೆ) ರೇಡಿಯೊಗೆ ವಿದ್ಯುತ್ತಿನ ಎರಡು ಮೂಲ ಬೇಕು: ವಾಲ್ವಿನ ತಂತಿ ಕಾಯಿಸಲು ಗಾಜಿನ ಜಾಡಿಯಲ್ಲಿನ 2 ವೋಲ್ಟಿನ ಸೀಸ-ಆಮ್ಲದ ಆಕ್ಯುಮ್ಯುಲೇಟರ್ (ಮರುಚಾರ್ಜ್ ಮಾಡಬಲ್ಲ ಬ್ಯಾಟರಿ), ಜೊತೆಗೆ 120 ವೋಲ್ಟಿನ ಒಣ ಬ್ಯಾಟರಿ. ನಾಲ್ಕು ವಾಲ್ವಿನ ಸೆಟ್ ಅರ್ಧ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 20 ಆಂಪಿಯರ್-ಗಂಟೆಯ ಆ ಜಾಡಿ 40 ಗಂಟೆ ಬಂದೀತು. ದಿನಕ್ಕೆ 4 ಗಂಟೆ ಕೇಳಿದರೆ ಹತ್ತು ದಿನ. ಬೆಳಗಿನಿಂದ ರಾತ್ರಿವರೆಗೆ ಹಾಕಿಟ್ಟರೆ ನಾಲ್ಕನೇ ದಿನವೇ ಖಾಲಿ. ಆಮೇಲೆ ಆಮ್ಲ ಚೆಲ್ಲದಂತೆ ಹಿಡಿಕೆ ಹಿಡಿದು ಅಂಗಡಿಗೆ ಒಯ್ದು ಚಾರ್ಜ್ ಮಾಡಿಸಬೇಕು. ಖಾಲಿಯಾದದ್ದನ್ನು ಹಾಗೇ ಬಿಟ್ಟರೆ ಫಲಕಗಳ ಮೇಲೆ ಬಿಳಿ ಸಲ್ಫೇಟ್ ಕೂತು ಜಾಡಿಯೇ ಕೆಡುತ್ತದೆ. ಒಣ ಬ್ಯಾಟರಿಯನ್ನು ಮರುಚಾರ್ಜ್ ಮಾಡುವಂತಿಲ್ಲ, ಯುದ್ಧದಲ್ಲಿ ಹೊಸದು ಸಿಗುವುದೇ ಕಷ್ಟ.

1940ರ ಅಕ್ಟೋಬರ್ 15ರ ರಾತ್ರಿ ಬ್ರೂಸ್ ಬೆಲ್‌ಫ್ರೇಜ್ 9ರ ವಾರ್ತೆ ಓದುತ್ತಿದ್ದಾಗ ಬಿಬಿಸಿಯ ಲಂಡನ್ ಕಚೇರಿ ಬ್ರಾಡ್‌ಕಾಸ್ಟಿಂಗ್ ಹೌಸ್ ಒಳಗೇ ಬಾಂಬ್ ಸಿಡಿದು 7 ಸಿಬ್ಬಂದಿ ಸತ್ತರು. ಅವರು ಒಂದು ಕ್ಷಣ ನಿಂತು ಓದು ಮುಂದುವರಿಸಿದರು. ಹಾಗೆ ಉಳಿಸಿಕೊಂಡ ವಾರ್ತೆ, ಮಧ್ಯಾಹ್ನವೆಲ್ಲ ಬ್ಯಾಂಡ್ ಕೇಳಿ ಸತ್ತುಹೋದ ಸೆಟ್ಟಿನಲ್ಲಿ ಮೂಡಲಾರದು. ಕಾರ್ಖಾನೆಗೆ ಎರಡು ಅರ್ಧ ಗಂಟೆ, ಸಂಜೆ 7ರಿಂದ 10ರವರೆಗೆ ಹಾಡು-ಹಾಸ್ಯ ಸಾಕಿತ್ತು. ಅದೇ ಅಲೆಯಲ್ಲಿ ಹಗಲು ಹೊತ್ತನ್ನು ವೇಲ್ಸ್‌ಗೂ ಸ್ಕಾಟ್ಲೆಂಡಿಗೂ ಬಿಟ್ಟುಕೊಡಬಹುದಿತ್ತು.