ಔಲಿಯೋ ಗುಲ್ಮಾರ್ಗೋ: ಮಹಾಜನ್ ವರದಿ ನೋಡಿ ಹೇಳುತ್ತೇವೆ

ನಮ್ಮೂರ ಯುವಕ ಸಂಘಕ್ಕೆ ಈ ಸಲ 25 ವರ್ಷ. ಸಂಘದಲ್ಲಿ ಈಗ ಯುವಕರು ಇಬ್ಬರೇ. ಉಳಿದವರೆಲ್ಲ ಆಗ ಯುವಕರಾಗಿದ್ದವರು. ಬೆಳ್ಳಿಹಬ್ಬಕ್ಕೆ ಒಂದು ಯಕ್ಷಗಾನ ಆಟ ಆಡಿಸುವುದು ಅಂತ ಮೊದಲು ಮಾತಾಗಿತ್ತು. ಅಷ್ಟರಲ್ಲಿ ಯಾರದೋ ಅಳಿಯ ಹಿಮದಲ್ಲಿ ಜಾರುವ ವಿಡಿಯೋವನ್ನು ವಾಟ್ಸಾಪಿಗೆ ಹಾಕಿದ. ಯಕ್ಷಗಾನ ಹೋಯಿತು, ಸ್ಕೀಯಿಂಗ್ ಬಂತು.

ಕಾಸರಗೋಡಿನ ಕುಂಬಳೆ ಸೀಮೆಯವರು ಜಾರಲು ಅಷ್ಟು ದೂರ ಹೋಗಬೇಕಾ ಎಂದು ನಾನು ಕೇಳಿದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ ಇದು. ಜೂನ್ ಬಂತೆಂದರೆ ಮುರಕಲ್ಲಿನ ಮೆಟ್ಟಿಲು, ಅಂಗಳ, ತೋಟದ ಸಂಕ ಎಲ್ಲವೂ ಪಾಚಿ ಕಟ್ಟಿ ತಯಾರು. ಬಾವಿಕಟ್ಟೆಯಿಂದ ಬಚ್ಚಲಿನವರೆಗೆ ನಾನು ಒಮ್ಮೆ ಹಾಗೆಯೇ ಹೋಗಿದ್ದೇನೆ, ಕೊಡಪಾನ ಸಮೇತ. "ಅದು ಬೀಳುವುದು ಮಾರಾಯ್ರೆ, ಇದು ಸ್ಪೋರ್ಟ್ಸ್" ಎಂದರು ಅಧ್ಯಕ್ಷರು. ವ್ಯತ್ಯಾಸ ನನಗೆ ಗೊತ್ತಾಯಿತು. ಅಲ್ಲಿ ಬೂಟು ಬಾಡಿಗೆಗೆ ಸಿಗುತ್ತದೆ.

ಆಯ್ಕೆ ಎರಡು. ಕಾಶ್ಮೀರದ ಗುಲ್ಮಾರ್ಗ, ಉತ್ತರಾಖಂಡದ ಔಲಿ. ಹೇಗೂ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿವರೆಗೆ ಒಟ್ಟಿಗೆ ಹೋಗಬಹುದು. ಅಲ್ಲಿಂದ ಮುಂದೆ ಜಗಳ.

ಬೇರೆ ಊರಿನವರಾದರೆ ಖರ್ಚು ಎಷ್ಟು, ಚಳಿ ಎಷ್ಟು ಎಂದು ಕೇಳಿ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರು. ನಾವು ಕೇರಳದಲ್ಲಿರುವ ಕನ್ನಡ ಗಡಿಯವರು. ನಮ್ಮಲ್ಲಿ ಚಹಾಕ್ಕೆ ಸಕ್ಕರೆ ಹಾಕುವುದೂ ಗಡಿ ವಿಷಯವೇ. ನಿವೃತ್ತ ಕನ್ನಡ ಮೇಷ್ಟ್ರು ಎದ್ದು ನಿಂತರು. "ಗುಲ್ಮಾರ್ಗವೇ ಆಗಬೇಕು. ಮೆಹರ್ ಚಂದ್ ಮಹಾಜನ್ ಅವರ ಹೆಸರು ಕೇಳಿದ್ದೀರಾ?"

ಕೇಳದವರು ಯಾರು? ರಾಜ್ಯಗಳ ಗಡಿ ಜಗಳ ಬಿಡಿಸಲು 1966ರಲ್ಲಿ ಅವರ ಆಯೋಗ ನೇಮಕವಾಯಿತು. 1967ರಲ್ಲಿ ವರದಿ ಬಂತು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಕಾಸರಗೋಡು ಮೈಸೂರಿಗೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಎಂದಿತು. ನಮ್ಮ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುವ ಪಾಠ ಅದು. ಆದರೆ ಮೇಷ್ಟ್ರ ಹತ್ತಿರ ಇನ್ನೊಂದು ಬಾಣ ಇತ್ತು. "1947ರಲ್ಲಿ ಕಾಶ್ಮೀರ ಭಾರತಕ್ಕೆ ಸೇರುವಾಗ ಅಲ್ಲಿ ಪ್ರಧಾನಿಯಾಗಿದ್ದವರು ಯಾರು? ಇದೇ ಮಹಾಜನ್! ಅಲ್ಲಿ ಸೇರಿಸಿ ಆಯಿತು. ಇಲ್ಲಿ ಮಾತ್ರ ಬಾಕಿ."

ಸಭೆ ಚಪ್ಪಾಳೆ ತಟ್ಟಿತು. ಹಿಮದ ವಿಷಯ ಯಾರಿಗೂ ನೆನಪಾಗಲಿಲ್ಲ.

ಮಲಯಾಳ ಮಾತಾಡುವ ಖಜಾಂಚಿ ಸುಮ್ಮನೆ ಕೂರುವವರಲ್ಲ. ಔಲಿಯ ಕೆಳಗೇ ಇರುವುದು ಜೋಶಿಮಠ ಎಂದರು. ಶಂಕರಾಚಾರ್ಯರು ಕಾಲಡಿಯಿಂದ ನಡೆದುಕೊಂಡು ಹೋಗಿ ಮಠ ಕಟ್ಟಿದ ಜಾಗ. ಬದರಿಯ ಮುಖ್ಯ ಅರ್ಚಕರಾದ ರಾವಲರೂ ಕೇರಳದ ನಂಬೂದಿರಿಗಳು. "ಅಂದರೆ ಔಲಿ ನಮ್ಮವರ ಕಡೆ!" ಹೀಗೆ ಹಿಮಾಲಯ ಎರಡು ಪಾಲಾಯಿತು. ಚಂದ್ರಗಿರಿ ಹೊಳೆಯೊಂದು ನಡುವೆ ಹರಿಯುವುದು ಬಾಕಿ.

ಆಗ ಸಂಘದ ಇಬ್ಬರು ಯುವಕರಲ್ಲಿ ಒಬ್ಬ ಬಾಯಿ ಹಾಕಿದ. "ಎರಡೂ ಕಡೆ ಹಿಮ ಉಂಟಾ?"

ಇದು ಸಭೆಯಲ್ಲಿ ಕೇಳುವ ಪ್ರಶ್ನೆಯಲ್ಲ. ಆದರೂ ಅವನು ಮೊಬೈಲ್ ನೋಡಿ ಓದುತ್ತಾ ಹೋದ. 2024ರ ಜನವರಿಯಲ್ಲಿ, ಸರಿಯಾದ ಸೀಸನ್ನಿನಲ್ಲೇ, ಗುಲ್ಮಾರ್ಗ ಒಣಗಿದ ಹುಲ್ಲುಗಾವಲಾಗಿತ್ತು. ಹಿಮ ಬೀಳುವಾಗ ತಿಂಗಳ ಕೊನೆ. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಯನ್ನು ಹಿಮವಿಲ್ಲವೆಂದು ಫೆಬ್ರವರಿಯಿಂದ ಮಾರ್ಚಿಗೆ ಮುಂದೂಡಿದರು. ಕೇಬಲ್ ಕಾರು ಮಾತ್ರ 3900 ಮೀಟರ್ ದಾಟಿ ಹೋಗುತ್ತದೆ. ಹಿಮವೇ ಇಲ್ಲದ ವರ್ಷ ಮೇಲೆ ಹೋಗಿ ನೋಡುವುದು ಏನನ್ನು? ಕಲ್ಲನ್ನು. ಕಲ್ಲು ನಮ್ಮ ಪೊಸಡಿಗುಂಪೆ ಗುಡ್ಡದಲ್ಲಿ ಇಲ್ಲವಾ?

ಔಲಿಯವರು ಬುದ್ಧಿವಂತರು. ಗುಡ್ಡದ ಮೇಲೆ ಕೃತಕ ಕೆರೆ ಕಟ್ಟಿ, ಅದರ ನೀರಿನಿಂದ ಹಿಮ ಮಾಡಲು ಯಂತ್ರ ತರಿಸಿದರು. ಯಂತ್ರದ ಗುಟ್ಟು ಇಷ್ಟೇ. ನೀರನ್ನು ಸಣ್ಣ ಹನಿ ಮಾಡಿ ಗಾಳಿಗೆ ಹಾರಿಸುವುದು. ನಮ್ಮ ತೋಟದಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಹಾಗೆಯೇ. ಗಾಳಿ ಸಾಕಷ್ಟು ತಣ್ಣಗಿದ್ದರೆ ಹನಿ ಹಿಮವಾಗುತ್ತದೆ. ಇಲ್ಲದಿದ್ದರೆ ಹನಿ ಹನಿಯಾಗಿಯೇ ಕೆಳಗೆ ಬೀಳುತ್ತದೆ. ಅಂದರೆ ಚಳಿ ಕಮ್ಮಿಯಾಯಿತೆಂದು ತಂದ ಯಂತ್ರಕ್ಕೆ ಮೊದಲು ಚಳಿ ಬೇಕು. ಕರೆಂಟ್ ಇದ್ದಾಗ ಮಾತ್ರ ಉರಿಯುವ ಎಮರ್ಜೆನ್ಸಿ ಲೈಟ್ ನಮ್ಮ ಮನೆಯಲ್ಲೂ ಒಂದು ಉಂಟು.

ಜೋಶಿಮಠದಿಂದ ಔಲಿಗೆ ಸುಮಾರು 4 ಕಿಲೋಮೀಟರಿನ ರೋಪ್‌ವೇ ಉಂಟಲ್ಲ ಎಂದರು ಖಜಾಂಚಿ. ಇತ್ತು. 2023ರ ಜನವರಿಯಲ್ಲಿ ಜೋಶಿಮಠದ ನೆಲವೇ ಕುಸಿಯತೊಡಗಿತು. 800ಕ್ಕಿಂತ ಜಾಸ್ತಿ ಕಟ್ಟಡಗಳಲ್ಲಿ ಬಿರುಕು ಬಿತ್ತು, ರೋಪ್‌ವೇಯೂ ನಿಂತಿತು. ಹಳೆಯ ಭೂಕುಸಿತದ ಮಣ್ಣಿನ ಮೇಲೆ ಕೂತ ಪೇಟೆ ಅದು. ಭಾರದ ಕಟ್ಟಡ ಬೇಡ, ಬಂಡೆ ಕೀಳಬೇಡಿ, ಮರ ಕಡಿಯಬೇಡಿ ಎಂದು 1976ರಲ್ಲೇ ಮಿಶ್ರಾ ಸಮಿತಿ ವರದಿ ಕೊಟ್ಟಿತ್ತಂತೆ.

"ವರದಿ" ಎಂದ ಕೂಡಲೇ ಮೇಷ್ಟ್ರು ಕನ್ನಡಕ ತೆಗೆದರು. "ಎಷ್ಟನೇ ಇಸವಿ?"

"1976."

"ನಮ್ಮದು 67. ನಾವು ಸೀನಿಯರ್."

ಖಜಾಂಚಿಯೂ ಮೇಷ್ಟ್ರೂ ಆ ದಿನ ಒಟ್ಟಿಗೆ ನಕ್ಕದ್ದು ಇದೊಂದಕ್ಕೇ. ಕಪಾಟಿನಲ್ಲಿ ಧೂಳು ತಿನ್ನುವ ವರದಿಗೆ ಭಾಷೆಯ ಭೇದವಿಲ್ಲ ನೋಡಿ.

ಇಷ್ಟರಲ್ಲಿ ಗುಲ್ಮಾರ್ಗಕ್ಕೆ ಹೋಗಿಬಂದ ಒಬ್ಬರು ನಿಜ ಹೇಳಿದರು. ಅಲ್ಲಿ ನಮ್ಮಂಥವರು ಸ್ಕೀಯಿಂಗ್ ಮಾಡುವುದಿಲ್ಲವಂತೆ. ಮರದ ಸ್ಲೆಡ್ಜ್ ಮೇಲೆ ಕೂರುವುದು. ಒಬ್ಬ ಬಡಪಾಯಿ ಹಗ್ಗ ಕಟ್ಟಿ ಎಳೆಯುತ್ತಾನೆ. ಫೋಟೋದಲ್ಲಿ ಅವನು ಬರದ ಹಾಗೆ ನೋಡಿಕೊಳ್ಳಬೇಕು.

ಮೂಲೆಯಲ್ಲಿ ಕವಳ ಹಾಕುತ್ತಿದ್ದ ತೋಟದ ಅಜ್ಜ ಮೊದಲ ಸಲ ತಲೆ ಎತ್ತಿದರು. "ಎಂತ, ಹಾಳೆಯಲ್ಲಿ ಕೂರಿಸಿ ಎಳೆಯುವುದಾ?"

ಹೌದು, ಅದೇ. ಬಿದ್ದ ಅಡಿಕೆ ಹಾಳೆಯಲ್ಲಿ ತಮ್ಮನನ್ನು ಕೂರಿಸಿ, ಸೋಗೆಯ ತುದಿ ಹಿಡಿದು ಅಂಗಳವಿಡೀ ಎಳೆಯುವುದು. ನಾವೆಲ್ಲ ಐದನೇ ವಯಸ್ಸಿಗೇ ಪಾಸಾದ ವಿದ್ಯೆ. ಪ್ಯಾಂಟಿನ ಹಿಂಭಾಗ ಹರಿದರೆ ಮನೆಯಲ್ಲಿ ಬೆತ್ತದ ಸನ್ಮಾನ ಬೇರೆ. "ಚಳಿಗೆ ಹಾಳೆಯ ಟೊಪ್ಪಿ ಮುಟ್ಟಾಳೆಯೂ ಆಗುತ್ತದೆ" ಎಂದು ಅಜ್ಜ ಮತ್ತೆ ಕವಳಕ್ಕೆ ಹೋದರು.

ಅಜ್ಜನ ಮಾತನ್ನು ನಡಾವಳಿಯಲ್ಲಿ ಬರೆಯಲಿಲ್ಲ. ಬರೆದದ್ದು ಇಷ್ಟು: ಎರಡೂ ಸ್ಥಳಗಳನ್ನು ಅಧ್ಯಯನ ಮಾಡಲು ಮೂವರ ಉಪಸಮಿತಿ. ಮೇಷ್ಟ್ರು, ಖಜಾಂಚಿ, ಮತ್ತು ಇಬ್ಬರನ್ನೂ ಬಿಡಿಸಲು ಅಧ್ಯಕ್ಷರು. ವರದಿ ಎರಡೂ ಭಾಷೆಯಲ್ಲಿ ಇರಬೇಕು. ಅವಧಿ ಆರು ತಿಂಗಳು.

ಇದು ಡಿಸೆಂಬರ್. ವರದಿ ಬರುವಾಗ ಜೂನ್ ಆಗುತ್ತದೆ. ಆಗ ಅಲ್ಲಿ ಹಿಮ ಇರುವುದಿಲ್ಲ, ಇಲ್ಲಿ ಪಾಚಿ ಇರುತ್ತದೆ.

ಗಂಬೂಟು ಮಾತ್ರ ಈಗಲೇ ತರಿಸಿ ಆಗಿದೆ, ಮೂವತ್ತು ಜೊತೆ. ತೋಟಕ್ಕೆ ಹೇಗೂ ಬೇಕಲ್ವಾ.