ಹತ್ತು ಯೂರೊ ವೆನಿಸ್, ನಾಲ್ಕು ಗಂಟೆ ಮೇಲೆ ಫ್ರೀ

ನನ್ನ ಅಕ್ಕನ ಮಗ ಮ್ಯೂನಿಕ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿಗೆ ಹೋದ ನಮ್ಮ ಹುಡುಗರೆಲ್ಲ ಯಾವುದೋ ಹರಕೆ ಹೊತ್ತವರ ಹಾಗೆ ಬದುಕುತ್ತಾರೆ. ಐದು ದಿನ ಲ್ಯಾಬು, ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಒಂದು ಊರು, ಭಾನುವಾರ ಸ್ಟೇಟಸ್ಸು. 2025ರ ಜೂನ್ 28ರ ಶನಿವಾರ ಇವನ ಪಾಲಿಗೆ ಬಂದದ್ದು ವೆನಿಸ್. ಹೌದು, ಅದೇ ಶನಿವಾರ. ಅಮೆಜಾನ್ ಕಟ್ಟಿದ ಕುಬೇರನ ಮದುವೆಯ ವಾರ.

ಹಿಂದಿನ ದಿನ ಸಂಜೆ ಫೋನ್ ಮಾಡಿದ.

"ಮಾಮ, ಒಳಗೆ ಹೋಗೋಕೆ ಟಿಕೆಟ್ ಅಂತೆ."

"ಯಾವ ಮ್ಯೂಸಿಯಂಗೋ?"

"ಮ್ಯೂಸಿಯಂಗಲ್ಲ ಮಾಮ, ಊರಿಗೇ."

ಇದನ್ನು ಶುರು ಮಾಡಿದ್ದು 2024ರ ಏಪ್ರಿಲ್ 25ಕ್ಕೆ. ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಊರು ತುಂಬಿಹೋಗಿದೆ, ಅದಕ್ಕೇ ಗರ್ದಿ ಕಡಿಮೆ ಮಾಡಲು 5 ಯೂರೊ ಎಂದರು. ಮರುವರ್ಷ ಇನ್ನೂ ಸುಧಾರಿಸಿದರು. ನಾಲ್ಕು ದಿನ ಮೊದಲೇ ಮನಸ್ಸು ಮಾಡಿದವರಿಗೆ 5, ಆಮೇಲೆ ಮನಸ್ಸಾದವರಿಗೆ 10. ಆಗಿನ ಲೆಕ್ಕದಲ್ಲಿ ಸಾವಿರ ರೂಪಾಯಿ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಮಾತ್ರ. ನಾಲ್ಕರ ಮೇಲೆ ಕಾಲಿಟ್ಟರೆ ಪುಕ್ಕಟೆ. ನಮ್ಮ ರಾಹುಕಾಲವಾದರೂ ಒಂದೂವರೆ ಗಂಟೆಗೆ ಮುಗಿಯುತ್ತದೆ. ಇದು ಏಳೂವರೆ ಗಂಟೆ. ಅದೂ ಶನಿವಾರ. ಏಳೂವರೆ ಶನಿ ಅಂದರೆ ಏನು ಅಂತ ನಮ್ಮ ಹುಡುಗನಿಗೆ ಇಟಲಿಯಲ್ಲಿ ಗೊತ್ತಾಯಿತು.

ವಿನಾಯಿತಿಗಳ ಪಟ್ಟಿ ಬೇರೆ ಇದೆ. ಹದಿನಾಲ್ಕರ ಒಳಗಿನ ಮಕ್ಕಳಿಗೆ ಶುಲ್ಕ ಇಲ್ಲ. ಸುತ್ತಲಿನ ವೆನೆಟೊ ಪ್ರಾಂತದವರಿಗೆ ಇಲ್ಲ. ವೆನಿಸ್‌ನಲ್ಲೇ ಓದುವ ವಿದ್ಯಾರ್ಥಿಗಳಿಗೆ ಇಲ್ಲ. ಹೋಟೆಲಿನಲ್ಲಿ ರಾತ್ರಿ ತಂಗುವವರಿಗೂ ಇಲ್ಲ, ಅವರು ತಂಗುವ ತೆರಿಗೆ ಬೇರೆ ಕೊಡುತ್ತಾರಲ್ಲ. ಆದರೆ ಅವರೂ ವೆಬ್‌ಸೈಟಿಗೆ ಹೋಗಿ 'ನಾನು ಕೊಡಬೇಕಾಗಿಲ್ಲ' ಎಂಬ ಕ್ಯೂಆರ್ ಕೋಡ್ ತೆಗೆದುಕೊಳ್ಳಬೇಕು! ನಮ್ಮ ನಾಡಕಚೇರಿಯ ಗುಮಾಸ್ತರು ಓದಿದರೆ ಹೊಟ್ಟೆಕಿಚ್ಚು ಪಡುತ್ತಾರೆ. ಇಂಥದ್ದೊಂದು ನಮಗೇ ಯಾಕೆ ಹೊಳೆಯಲಿಲ್ಲ ಅಂತ.

ಈಗ ಮದುವೆ ವಿಷಯ. ಅಮೆಜಾನ್‌ನ ಜೆಫ್ ಬೆಝೋಸ್ ಅದೇ ವಾರಾಂತ್ಯ ಅಲ್ಲಿ ಮದುವೆಯಾದರು. ಖಾಸಗಿ ವಿಮಾನಗಳು ಸಾಲಾಗಿ ಇಳಿದವು. ಊರಿನವರು ಕಾಲುವೆಗೆ ರಬ್ಬರ್ ಮೊಸಳೆ ಬಿಡುತ್ತೇವೆ ಎಂದು ಹೆದರಿಸಿದ್ದಕ್ಕೆ ಪಾರ್ಟಿಯ ಜಾಗವನ್ನೇ ಬದಲಾಯಿಸಿದರು. ನಿಜ ಮೊಸಳೆಯಲ್ಲ, ಗಾಳಿ ತುಂಬುವ ಮೊಸಳೆ. ಅಷ್ಟು ದುಡ್ಡಿದ್ದೂ ಗಾಳಿ ಮೊಸಳೆಗೆ ಹೆದರುವುದು ನೋಡಿದರೆ ಪಾಪ ಅನಿಸುತ್ತದೆ. ಅದಿರಲಿ. ಆ ಅತಿಥಿಗಳು ಉಳಿದದ್ದು ಹೋಟೆಲಿನಲ್ಲಿ. ಅಂದರೆ ನಿಯಮದ ಪ್ರಕಾರ ಅವರಿಗೆ ಪ್ರವೇಶ ಶುಲ್ಕ ಮಾಫಿ. ಬೆನ್ನಿಗೊಂದು ಬ್ಯಾಗು, ಬ್ಯಾಗಿನಲ್ಲಿ ಪುಳಿಯೋಗರೆ ಡಬ್ಬಿ ಇಟ್ಟುಕೊಂಡು ಬಂದವನಿಗೆ 10 ಯೂರೊ. ಊರಿಗೆ ಭಾರವಾದದ್ದು ಯಾರು ಅಂತ ಕಾರ್ಪೊರೇಷನ್ ಸರಿಯಾಗಿಯೇ ತೂಗಿ ನೋಡಿದೆ.

ಬಸ್ಸಿಳಿದು ರೈಲ್ವೆ ಸ್ಟೇಷನ್ ಕಡೆ ಹೋಗಲು ಹುಡುಗ ಒಂದು ಸೇತುವೆ ದಾಟಿದ. ಆ ಸೇತುವೆ ಬಗ್ಗೆ ಹೇಳದೆ ಮುಂದೆ ಹೋಗಲು ನನ್ನಿಂದಾಗದು. 2008ರಲ್ಲಿ ತೆರೆದದ್ದು, ಸಾಂಟಿಯಾಗೊ ಕಲಟ್ರಾವಾ ಎಂಬ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯ ಕೈಕೆಲಸ. ಮಂಜು, ಮಳೆ, ತೇವ ಇರುವ ಊರಿನಲ್ಲಿ ಅವರು ಮೆಟ್ಟಿಲಿಗೆ ಹಾಕಿದ್ದು ಗಾಜು. ಜನ ಸಾಲುಸಾಲಾಗಿ ಜಾರಿ ಬಿದ್ದರು. ಗಾಲಿಕುರ್ಚಿಯವರು ಹತ್ತುವುದು ಹೇಗೆ ಅಂತ ಸೇತುವೆ ಕಟ್ಟಿದ ಮೇಲೆ ನೆನಪಾಯಿತು. ಪಕ್ಕದಲ್ಲಿ ತೆವಳಿಕೊಂಡು ಹೋಗುವ ಒಂದು ಕೆಂಪು ಗುಂಡು ಡಬ್ಬಿ ಕಟ್ಟಿಸಿದರು. ಅದು ನಿಂತದ್ದೇ ಜಾಸ್ತಿ, 2020ರಲ್ಲಿ ಕಿತ್ತೇ ಹಾಕಿದರು. 2019ರಲ್ಲಿ ಕೋರ್ಟು ಶಿಲ್ಪಿಗೆ 78 ಸಾವಿರ ಯೂರೊ ದಂಡ ಹಾಕಿತು. 2022ರಲ್ಲಿ ಕಾರ್ಪೊರೇಷನ್ನಿಗೆ ಜ್ಞಾನೋದಯವಾಯಿತು: ಗಾಜು ತೆಗೆದು ಕಲ್ಲು ಹಾಕೋಣ. ಆ ಊರಿನ ಎಷ್ಟೋ ಹಳೇ ಸೇತುವೆಗಳು ಶತಮಾನಗಳಿಂದ ಕಲ್ಲಿನವೇ ತಾನೆ. ನಮ್ಮ ವೈಟ್ ಟಾಪಿಂಗ್ ರಸ್ತೆಗೆ ಬಯ್ಯುವಾಗ ಇನ್ನು ಸ್ವಲ್ಪ ಮೆತ್ತಗೆ ಬಯ್ಯುತ್ತೇನೆ.

ಸೇತುವೆಯಾಚೆ ಜಾಕೀಟು ತೊಟ್ಟವಳೊಬ್ಬಳು ಕೋಡ್ ಸ್ಕ್ಯಾನ್ ಮಾಡಿ ನಕ್ಕಳಂತೆ. ಒಳ್ಳೆ ಹುಡುಗಿ ಎಂದ. ಅವಳೂ ಏನು ಮಾಡಿಯಾಳು.

ನಿಕೊಲೊ ಕೊಂಟಿ ನೆನಪಾದ. ವೆನಿಸ್ ಕಡೆಯ ವ್ಯಾಪಾರಿ. 1420ರ ಸುಮಾರಿಗೆ ನಮ್ಮ ವಿಜಯನಗರಕ್ಕೆ ಬಂದಿದ್ದ. ಊರಿನ ಸುತ್ತಳತೆ ಅರವತ್ತು ಮೈಲಿ ಎಂದು ಹೇಳಿ ಹೋದ. ನಾಲ್ಕು ದಿನ ಮೊದಲೇ ಬುಕ್ ಮಾಡಿದ್ದೀಯೇನಯ್ಯಾ ಅಂತ ಹಂಪಿಯ ಬಾಗಿಲಲ್ಲಿ ಅವನನ್ನು ಯಾರೂ ಕೇಳಿದಂತಿಲ್ಲ. ನಾವು ಈಗ ಊಟಿಗೆ ಇ-ಪಾಸ್ ತೆಗೆದುಕೊಂಡು ಹೋಗುವವರು, ಜಾಸ್ತಿ ಮಾತಾಡುವ ಹಾಗೂ ಇಲ್ಲ.

ಕಲೆಕ್ಷನ್ ಮಾತ್ರ ಭರ್ಜರಿ. 2024ರಲ್ಲಿ 29 ದಿನ ವಸೂಲಿ, ಸುಮಾರು 24 ಲಕ್ಷ ಯೂರೊ. 2025ರಲ್ಲಿ 54 ದಿನ, ಸುಮಾರು 54 ಲಕ್ಷ. ದಿನಕ್ಕೆ ಲಕ್ಷ! ಜನ ಬರಬಾರದು ಅಂತ ಇಟ್ಟ ಹುಂಡಿ ತುಂಬಿ ತುಳುಕಿದರೆ ಅದು ಗೆದ್ದಿತೋ ಸೋತಿತೋ? ಯಾವ ಧರ್ಮದರ್ಶಿಯೂ ಭಕ್ತರು ಕಡಿಮೆಯಾಗಲಿ ಅಂತ ಹುಂಡಿ ಎಣಿಸಿದ್ದನ್ನು ನಾನು ಕಂಡಿಲ್ಲ.

ಮಧ್ಯಾಹ್ನ ಹುಡುಗ ಒಂದು ಫೋಟೊ ಕಳಿಸಿದ. ರಿಯಾಲ್ಟೊ ಸೇತುವೆ ಹತ್ತಿರದ ಔಷಧಿ ಅಂಗಡಿಯ ಕಿಟಕಿ. ಗಾಜಿನ ಹಿಂದೆ ಕೆಂಪು ಅಂಕಿಗಳ ಒಂದು ಬೋರ್ಡು. ರೈಲು ಪ್ಲಾಟ್‌ಫಾರ್ಮಿನ ಬೋರ್ಡಿನ ಹಾಗಿದೆ. "ಏನು ಮಾಮ ಇದು, ಇವತ್ತಿನ ಟೂರಿಸ್ಟ್ ಲೆಕ್ಕನಾ?" ಎಂದು ಕೇಳಿದ್ದ.

ಅಲ್ಲ ಕಣಪ್ಪ. ಅದು ಆ ಹಳೇ ಊರಿನಲ್ಲಿ ಉಳಿದವರ ಲೆಕ್ಕ. 2008ರಿಂದ ಆ ಅಂಗಡಿಯಲ್ಲಿ ಅದು ಇಳಿಯುತ್ತಲೇ ಇದೆ. 1950ರ ದಶಕದ ಶುರುವಿನಲ್ಲಿ 1 ಲಕ್ಷ 70 ಸಾವಿರಕ್ಕಿಂತ ಜಾಸ್ತಿ ಇದ್ದರು. 2022ರಲ್ಲಿ 50 ಸಾವಿರದ ಕೆಳಗೆ ಬಂದರು. ಮರುವರ್ಷ ಪ್ರವಾಸಿಗರ ಹಾಸಿಗೆಗಳ ಸಂಖ್ಯೆಯೇ ನಿವಾಸಿಗಳ ಸಂಖ್ಯೆಯನ್ನು ದಾಟಿತು. ಅಜ್ಜಿಯ ಬಾಡಿಗೆ ಮನೆ ಖಾಲಿ ಮಾಡಿಸಿ ವಾರದ ಬಾಡಿಗೆಗೆ ಬಿಟ್ಟವನಿಗೆ ಗೇಟಿಲ್ಲ, ಜಾಕೀಟಿನವರಿಲ್ಲ. ತರಕಾರಿ ಅಂಗಡಿ ಎಬ್ಬಿಸಿ ಮುಖವಾಡದ ಅಂಗಡಿ ಇಟ್ಟವನನ್ನು ಯಾರೂ ಸ್ಕ್ಯಾನ್ ಮಾಡುವುದಿಲ್ಲ. ಇದರಲ್ಲಿ ತಮಾಷೆ ಮಾಡಲು ಏನೂ ಇಲ್ಲ, ನನಗೂ ಸಾಕಾಗಿದೆ. ಎಲ್ಲ ಕಡೆ ಇದೇ ಕಥೆ. ಊರು ಮಾರಿದವರು ಬೇರೆ, ರಸೀದಿ ಹರಿಸಿಕೊಳ್ಳುವವರು ಬೇರೆ.

ಪುಳಿಯೋಗರೆ ಡಬ್ಬಿ ತೆಗೆಯಲು ಅವನಿಗೆ ಜಾಗ ಸಿಗಲಿಲ್ಲ. ಸ್ಯಾನ್ ಮಾರ್ಕೊ ಚೌಕದ ಮೆಟ್ಟಿಲ ಮೇಲೆ ಕೂತು ತಿಂದರೆ ದಂಡ. 2019ರಲ್ಲಿ ರಿಯಾಲ್ಟೊ ಪಕ್ಕ ಸಣ್ಣ ಸ್ಟವ್ ಹಚ್ಚಿ ಕಾಫಿ ಮಾಡಿಕೊಂಡ ಇಬ್ಬರು ಜರ್ಮನ್ನರಿಗೆ 950 ಯೂರೊ ಹಾಕಿದ್ದರು. ಕಾಫಿಗೆ ಅಷ್ಟಾದರೆ ಪುಳಿಯೋಗರೆಗೆ ಎಷ್ಟೋ ಅಂತ ಇವನು ಡಬ್ಬಿ ಹೊತ್ತುಕೊಂಡೇ ಊರು ಸುತ್ತಿದ.

ರಾತ್ರಿ ಅಕ್ಕ ಕಾನ್ಫರೆನ್ಸ್ ಹಾಕಿದಳು.

"ಊಟ ಮಾಡಿದ್ಯೇನೋ?"

"ಬಸ್ಸಲ್ಲಿ ಕೂತು ತಿಂದೆ ಅಮ್ಮ."

"ನಾಲ್ಕು ಗಂಟೆ ಮೇಲೆ ಊರು ಫ್ರೀ ಅಂದಿದ್ಯಲ್ಲೋ?" ಎಂದೆ ನಾನು.

"ಫ್ರೀನೇ ಮಾಮ. ನನ್ನ ಬಸ್ಸು ಇದ್ದದ್ದು ನಾಲ್ಕೂವರೆಗೆ."