ಊರಿಗೊಬ್ಬ ಆಪ್ಷನಲ್ ಇಂಗ್ಲಿಷ್

ಬಿ.ಎ.ಯಲ್ಲಿ ನನ್ನ ಮೇಜರ್ ಅರ್ಥಶಾಸ್ತ್ರ, ಮೈನರ್ ಇಂಗ್ಲಿಷ್ ಸಾಹಿತ್ಯ. ಆದರೆ ಕೊಡಗಿನ ಶಾಂತಳ್ಳಿ ಕಡೆಯ ನಮ್ಮೂರಲ್ಲಿ ಅರ್ಥಶಾಸ್ತ್ರದ ಸುದ್ದಿ ಯಾರೂ ಎತ್ತುವುದಿಲ್ಲ. ಕಾಫಿ ರೇಟು ಯಾಕೆ ಏರಿತು, ಯಾಕೆ ಇಳಿಯಿತು ಅಂತ ನನ್ನನ್ನು ಕೇಳಿದವರಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಬರುವವರೆಲ್ಲ ಇಂಗ್ಲಿಷ್ ಗಿರಾಕಿಗಳೇ.

2021ರಲ್ಲಿ ಕರ್ನಾಟಕದಲ್ಲಿ ಹೊಸ ಶಿಕ್ಷಣ ನೀತಿ ಶುರುವಾದಾಗ ಸೇರಿದ ಬ್ಯಾಚು ನಮ್ಮದು. ಮೊದಲ ಎರಡು ವರ್ಷ ಎರಡು ವಿಷಯ ಸರಿಸಮ ಓದಬೇಕು. ಮೂರನೇ ವರ್ಷಕ್ಕೆ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಳ್ಳಬಹುದು. ಅಪ್ಪನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಅಂದ್ರೆ ನಮ್ಮ ಕಾಲದ ಆಪ್ಷನಲ್ ಇಂಗ್ಲಿಷ್ ತಾನೆ?’ ಅಂದರು. 2024ರಲ್ಲಿ ಸರಕಾರ ಆ ಪದ್ಧತಿಯನ್ನೇ ಕೈಬಿಟ್ಟಿತು. ಅಪ್ಪನಿಗೆ ಅದನ್ನು ವಿವರಿಸುವ ಗೋಜಿಗೆ ಹೋಗಲಿಲ್ಲ.

ಮೊದಲ ಗಿರಾಕಿ ಪಕ್ಕದ ತೋಟದ ಅಜ್ಜ. ಮಳೆ ಹಿಡಿಯುವ ಮೊದಲು ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಲ್ವಾ, ಮೈಲುತುತ್ತದ ಪ್ಯಾಕೆಟ್ ಹಿಡಿದು ಬಂದರು. ‘ಏನು ಬರೆದಿದೆ ಓದು ಮಗ.’ ಕಣ್ಣು ಕಿರಿದು ಮಾಡಿ ಸಣ್ಣಕ್ಷರವನ್ನೆಲ್ಲ ಓದಿ, ಕನ್ನಡದಲ್ಲಿ ಹೇಳಿದೆ. ‘ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ನಲವತ್ತು ವರ್ಷದಿಂದ ಹೊಡೀತಿದ್ದೀನಿ. ನಿಂಗೆ ಓದೋಕೆ ಬರುತ್ತಾ ಅಂತ ನೋಡಿದೆ ಅಷ್ಟೆ’ ಅಂತ ಪ್ಯಾಕೆಟ್ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಕಾಲೇಜಿನ ಇಂಟರ್ನಲ್ಸ್ ಕೂಡ ನನ್ನನ್ನು ಇಷ್ಟು ಬೆವರಿಳಿಸಿರಲಿಲ್ಲ.

ಜೂನ್ ಬಂದರೆ ಓದಿಗೇ ಕುತ್ತು. ಪುಸ್ತಕಕ್ಕೆ ಬೂಷ್ಟು. ಅಮ್ಮ ಅವನ್ನೆಲ್ಲ ಒಣಮೆಣಸಿನ ಜೊತೆ ಒಲೆ ಮೇಲಿನ ಅಟ್ಟಕ್ಕೆ ಏರಿಸಿದರು. ಬೂಷ್ಟು ಹೋಯಿತು, ಘಾಟು ಉಳಿಯಿತು. ಕೀಟ್ಸ್ 1819ರಲ್ಲಿ ಶರತ್ಕಾಲದ ಮೇಲೆ ಬರೆದ ಪದ್ಯವನ್ನು ಇವತ್ತಿಗೂ ನಾನು ಸೀನದೆ ಓದಲಾರೆ.

ವರ್ಡ್ಸ್‌ವರ್ತ್ ಕಥೆ ಬೇರೆ. ಡ್ಯಾಫೊಡಿಲ್ ಹೂವಿನ ಪದ್ಯವನ್ನು ಪರೀಕ್ಷೆಗೆ ಅಂತ ಜಗಲಿಯಲ್ಲಿ ಜೋರಾಗಿ ಓದುತ್ತಿದ್ದೆ. ನಮ್ಮ ಕ್ಲಾಸಿನಲ್ಲಿ ಒಬ್ಬರೂ ಆ ಹೂವು ಕಂಡವರಲ್ಲ. ಹೂಮಳೆ ಬಿದ್ದ ಮೇಲೆ ತೋಟಕ್ಕೆ ತೋಟವೇ ಬೆಳ್ಳಗಾಗುವ ಕಾಫಿ ಹೂವು ನೆನೆಸಿಕೊಂಡು ಹೇಗೋ ಸುಧಾರಿಸಿದ್ದೆವು. ಮೋಡದ ಹಾಗೆ ಒಬ್ಬನೇ ಅಲೆಯುತ್ತಿದ್ದೆ ಅನ್ನುತ್ತಾನೆ ಕವಿ. ಮೇಷ್ಟ್ರು ಬರೆಸಿದ ನೋಟ್ಸ್ ಬೇರೆಯೇ ಹೇಳುತ್ತಿತ್ತು. 1802ರ ಏಪ್ರಿಲ್ 15ರಂದು ಆ ಹೂವು ಕಂಡಾಗ ತಂಗಿ ಡೊರೊಥಿ ಜೊತೆಗೇ ಇದ್ದಳು. ಅವಳು ಅದನ್ನು ಚಂದ ಮಾಡಿ ಡೈರಿಯಲ್ಲಿ ಬರೆದಿಟ್ಟಳು. ಅಣ್ಣನ ಪದ್ಯ ಹುಟ್ಟಿದ್ದು ಆಮೇಲೆ, ಅಚ್ಚಾಗಿದ್ದು 1807ರಲ್ಲಿ. ಅದರಲ್ಲೂ ಎರಡು ಒಳ್ಳೆಯ ಸಾಲು ಹೆಂಡತಿ ಮೇರಿಯದು, ಅದನ್ನು ಅವನೇ ಒಪ್ಪಿಕೊಂಡಿದ್ದಾನೆ.

‘ಒಬ್ಬನೇ ಇದ್ದೆ ಅಂತ ಬರೆಯೋಕೆ ಮನೆಮಂದಿಯೆಲ್ಲ ಸೇರಬೇಕಾಯ್ತಾ?’ ಅಂದರು ಅಡಿಕೆ ಸುಲಿಯುತ್ತಿದ್ದ ಅಪ್ಪ. ನನ್ನ ತಂಗಿಗಂತೂ ಸಿಟ್ಟೇ ಬಂತು. ಅವಳು ಬರೆದ ರೆಕಾರ್ಡ್ ಬುಕ್ಕಿಗೆ ನನ್ನ ಹೆಸರು ಹಾಕಿದ ಹಳೇ ಲೆಕ್ಕವೂ ಅದರಲ್ಲಿ ಸೇರಿತ್ತು ಅನ್ನಿ.

ಅಷ್ಟರಲ್ಲಿ ಮಾವನ ಫೋನು. ಅವರ ಹೋಮ್‌ಸ್ಟೇಯಲ್ಲಿ ಉಳಿದಿದ್ದ ಬೆಂಗಳೂರಿನವರು ಮಲ್ಲಳ್ಳಿ ಜಲಪಾತಕ್ಕೆ ಹೋಗಿ ಬಂದಿದ್ದಾರೆ. ಸಾಕ್ಸ್ ಬಿಚ್ಚಿದರೆ ಒಳಗೆ ರಕ್ತ ಕುಡಿದು ದುಂಡಗಾದ ಜಿಗಣೆ. ಆನ್‌ಲೈನ್ ರಿವ್ಯೂನಲ್ಲಿ ಒಂದು ಸ್ಟಾರ್ ಕೊಟ್ಟು, ಮಾವನೇ ಸಾಕಿ ಬಿಟ್ಟಿದ್ದಾರೇನೋ ಅನ್ನುವ ಹಾಗೆ ಇಂಗ್ಲಿಷಿನಲ್ಲಿ ಬೈದಿದ್ದರು. ‘ನೀನು ಲಿಟ್ರೇಚರ್ ಅಲ್ವೇನೋ, ಸ್ವಲ್ಪ ಸಾಹಿತ್ಯ ಹಾಕಿ ಉತ್ತರ ಬರಿ.’

ಮಾವನ ಮನೆಗೇ ಹೋಗಿ ಕೂತೆ. ಮಳೆ, ಮಂಜು, ಪುಷ್ಪಗಿರಿ ಬೆಟ್ಟ ಎಲ್ಲ ಹಾಕಿದೆ. ಜಿಗಣೆಯನ್ನು ಈ ಕಾಡಿನ ಹಳೇ ನಿವಾಸಿ ಮಾಡಿದೆ. ಮಾವ ತಲೆದೂಗಿದರು. ಅಕ್ಕಿರೊಟ್ಟಿ ತಟ್ಟುತ್ತಿದ್ದ ಅತ್ತೆ ಅಡುಗೆಮನೆಯಿಂದಲೇ, ‘ಮುಂದಿನ ಸಲ ಬಂದ್ರೆ ಕಾಫಿ ಜೊತೆ ಒಂದು ಹಿಡಿ ಉಪ್ಪೂ ಕೊಡ್ತೀವಿ ಅಂತ ಸೇರಿಸು’ ಅಂದರು. ಸೇರಿಸಿದೆ.

ವಾರದೊಳಗೆ ಒಂದು ಸ್ಟಾರ್ ನಾಲ್ಕಾಯಿತು. ನನ್ನ ಮಂಜು, ಪುಷ್ಪಗಿರಿಯ ಬಗ್ಗೆ ಆ ಮನುಷ್ಯ ಚಕಾರ ಎತ್ತಿರಲಿಲ್ಲ. ಉಪ್ಪಿನ ಸಾಲಿಗೆ ನಕ್ಕು ನಕ್ಕು ಸಾಕಾಯಿತಂತೆ, ಇಷ್ಟು ಚಂದ ಬರೆಯುವ ಯಜಮಾನರನ್ನು ನೋಡಲು ಮತ್ತೆ ಬರುತ್ತಾರಂತೆ. ಮಾವ ಆ ಉತ್ತರವನ್ನು ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ಬಾಗಿಲ ಪಕ್ಕದಲ್ಲೇ ನೇತುಹಾಕಿದ್ದಾರೆ. ಕೆಳಗೆ ಅವರ ಹೆಸರು, ಇನಿಷಿಯಲ್ ಸಮೇತ. ಮನೆಯಲ್ಲಿ ತಂಗಿ ನನ್ನನ್ನು ಡೊರೊಥಿ ಅಂತಲೇ ಕರೆಯುವುದು.

ಈಗ ಮೂರು ದಿನ ಕರೆಂಟಿಲ್ಲದೆ ಕೂತಿದ್ದ ಇನ್ನೊಬ್ಬರು ಒಂದು ಸ್ಟಾರ್ ಕೊಟ್ಟಿದ್ದಾರೆ. ಮಾವ ಫೋನ್ ಮಾಡಿದ್ದರು. ‘ನೀನು ಬರೋದು ಬೇಡ ಬಿಡು,’ ಅಂದರು, ‘ಅತ್ತೆ ಹೇಳ್ತಾಳೆ, ನೀನು ಅಲ್ಲಿಂದಲೇ ಸ್ಪೆಲ್ಲಿಂಗ್ ನೋಡ್ಕೊ.’